ಪುಟ್ಟಿಯ ರಶ್ ಬ್ಯಾಗು

2024 ಜುಲೈ 28, ಭಾನುವಾರ
ಹಂಟ್ಸ್‌ವಿಲ್, ಅಲಬಾಮಾ

ಬೀನ್ಸಿನ ನಾರು ತೆಗೆಯುತ್ತಾ ಇವತ್ತು ನಾನು ಇಪ್ಪತ್ತು ವರ್ಷದ ಅಮೆರಿಕನ್ ಹುಡುಗಿಯ ಪಾತ್ರ ಮಾಡಿದೆ. ಪುಟ್ಟಿಗೆ ಮಾತಿನ ಪ್ರಾಕ್ಟೀಸು ಬೇಕಿತ್ತು. ಆಗಸ್ಟಿನಲ್ಲಿ ಟಸ್ಕಲೂಸಾದ ಅಲಬಾಮಾ ಯೂನಿವರ್ಸಿಟಿಯಲ್ಲಿ ರಶ್, ಅಂದರೆ ಸೊರಾರಿಟಿ ಅನ್ನೋ ಹುಡುಗಿಯರ ಸಂಘಗಳಿಗೆ ಸೇರುವ ಆಯ್ಕೆ, ಅಲ್ವಾ. ಎರಡು ಸಾವಿರಕ್ಕೂ ಜಾಸ್ತಿ ಹುಡುಗಿಯರು ಒಂದು ಸೊರಾರಿಟಿ ಮನೆಯಿಂದ ಇನ್ನೊಂದಕ್ಕೆ ಹೋಗಿ ಮಾತಾಡಿ ಬರಬೇಕು. ಅವರು ಇವರನ್ನು ಆರಿಸುತ್ತಾರೆ, ಇವರು ಅವರನ್ನು. ಸುತ್ತು ಮುಗಿದ ಹಾಗೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಯಾಕೆ ಬಿಟ್ಟೆವು ಅಂತ ಯಾರೂ ಹೇಳುವುದಿಲ್ಲ.

"ರಜೆ ಹೇಗಿತ್ತು?" ಅಂತ ಹಲ್ಲು ಕಿರಿದು ಕೇಳಿದೆ. ಕೆರೆಗೆ ಹೋಗಿದ್ದು, ಐಸ್‌ಕ್ರೀಮ್ ಅಂಗಡಿಯ ಕೆಲಸ, ನಾಯಿ, ಎಲ್ಲ ಚೆನ್ನಾಗಿ ಹೇಳಿದಳು. ಹುಡುಗರು, ಕುಡಿತ, ದೇವರು, ದುಡ್ಡು, ರಾಜಕೀಯ ಇವು ಬಾಯಿಗೆ ಬರಬಾರದಂತೆ. ಬರಲಿಲ್ಲ. ಮೇ ತಿಂಗಳಲ್ಲಿ ಆದ ರಂಗಪ್ರವೇಶವೂ ಬರಲಿಲ್ಲ!

"ಅದನ್ನ ಯಾಕೆ ಬಿಟ್ಟೆ?"

"ಭರತನಾಟ್ಯ ಅಂದ್ರೆ ಏನು ಅಂತ ಹೇಳೋದ್ರಲ್ಲೇ ಟೈಮ್ ಮುಗಿಯುತ್ತಮ್ಮ. ಆಮೇಲೆ ಅವರಿಗೆ ಡ್ಯಾನ್ಸ್ ನೆನಪಿರುತ್ತೆ, ನಾನಲ್ಲ."

ಅಷ್ಟು ವರ್ಷ ಕ್ಲಾಸಿಗೆ ಕಾರು ಓಡಿಸಿದವಳು ನಾನು. ಸಿಟ್ಟು ಬಂತು. ಆದರೆ ಅವಳ ಲೆಕ್ಕ ತಪ್ಪು ಅನ್ನೋಕೂ ಆಗಲಿಲ್ಲ.

ನಾವು ಈ ಊರಿಗೆ ಬಂದ ಹೊಸತರಲ್ಲಿ, 2013ರ ಸೆಪ್ಟೆಂಬರಿನಲ್ಲಿ, ಅದೇ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಹಾಕಿತ್ತು. ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗಿಯನ್ನೂ ಬಿಳಿಯರ ಸೊರಾರಿಟಿಗಳು ಬೇಡ ಅಂದಿದ್ದವು. ಒಳಗಿನ ಹುಡುಗಿಯರಿಗೆ ಮನಸ್ಸಿದ್ದರೂ ಹಳೆಯ ಸದಸ್ಯೆಯರು ತಡೆದರು ಅಂತ ಸದಸ್ಯೆಯರೇ ಹೇಳಿದ್ದರು. ಗವರ್ನರ್ ಜಾರ್ಜ್ ವ್ಯಾಲೇಸ್ ಅಲ್ಲಿನ ಬಾಗಿಲಿಗೆ ಅಡ್ಡ ನಿಂತು ವಿವಿಯನ್ ಮಲೋನ್, ಜೇಮ್ಸ್ ಹುಡ್ ಅನ್ನೋ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನೋಡಿದ್ದು 1963ರಲ್ಲಿ. ಅದಾಗಿ ಐವತ್ತು ವರ್ಷ ಆದ ಮೇಲೂ ಇದು! ಗಲಾಟೆ ಜೋರಾದ ಮೇಲೆ ಯೂನಿವರ್ಸಿಟಿಯ ಅಧ್ಯಕ್ಷೆ ಜೂಡಿ ಬಾನರ್ ಸೇರ್ಪಡೆಯನ್ನು ಮತ್ತೆ ಶುರು ಮಾಡಿಸಿದರು.

"ಇದೆಲ್ಲ ಗೊತ್ತಾ ನಿಂಗೆ?"

"ಗೊತ್ತು. ಅದು ಹೆಚ್ಚುಕಮ್ಮಿ 40,000 ಜನ ಇರೋ ಕ್ಯಾಂಪಸ್ಸು. ನಂಗೆ ಊಟಕ್ಕೆ ಜೊತೆ ಬೇಕು, ಅಷ್ಟೇ."

ಪ್ರಾಕ್ಟೀಸು ಅಲ್ಲಿಗೆ ನಿಂತಿತು. ಬೀನ್ಸೂ ಮುಗಿದಿತ್ತು.

ಸೇರಿದರೆ ಮೊದಲ ಸೆಮಿಸ್ಟರಿಗೇ 4,000 ಡಾಲರ್ ಆಸುಪಾಸು. ಇವರಿಗೆ ಆ ಅಂಕಿ ಇನ್ನೂ ಮುಟ್ಟಿಲ್ಲ. ಊಟ ಆದ ಮೇಲೆ ಹೇಳಬೇಕು, ಊಟಕ್ಕೆ ಮುಂಚೆ ಖಂಡಿತ ಬೇಡ.

ರಾತ್ರಿ ಅವಳ ಬ್ಯಾಗು ನೋಡಿದೆ. ಪುಟಾಣಿ ಫ್ಯಾನು, ಕಾಲು ಕಚ್ಚಿದರೆ ಅಂಟಿಸೋಕೆ ಪಟ್ಟಿ, ಬೇರೆ ಚಪ್ಪಲಿ, ಮುಖದ ಜಿಡ್ಡು ತೆಗೆಯುವ ಕಾಗದ. ಡ್ರೆಸ್ಸಿನ ಬಗ್ಗೆ ಕೇಳಬೇಡಿ, ಒಂದೊಂದು ಸುತ್ತಿಗೂ ಬೇರೆ ಬೇರೆ. ಒಂದೇ ಹಾಲ್‌ನಲ್ಲಿ ಅಷ್ಟೂ ಜನ ಒಟ್ಟಿಗೆ ಕಿರುಚಿ ಮಾತಾಡಿ ಎರಡೇ ದಿನಕ್ಕೆ ಗಂಟಲು ಕಟ್ಟುತ್ತಂತೆ. ಜೇಷ್ಠಮಧು ಕಡ್ಡಿ ಹಾಕಿಟ್ಟೆ. "ಸೌದೆ ಯಾಕಮ್ಮಾ?" ಅಂತ ತೆಗೆದು ಮೇಜಿನ ಮೇಲಿಟ್ಟಳು. ಅವಳು ಹಲ್ಲುಜ್ಜೋಕೆ ಹೋದಾಗ ಮತ್ತೆ ಹಾಕಿದ್ದೇನೆ, ಸೈಡ್ ಜೇಬಿಗೆ.

ಕೊನೆಯ ದಿನ ಬ್ರಯಂಟ್-ಡೆನಿ ಸ್ಟೇಡಿಯಮ್ಮಿನಲ್ಲಿ ಯಾವ ಸೊರಾರಿಟಿ ಸಿಕ್ಕಿತು ಅಂತ ಇರುವ ಕವರು ಒಡೆದು, ಕೂಗುತ್ತಾ ತಮ್ಮ ತಮ್ಮ ಸೊರಾರಿಟಿ ಮನೆಗೆ ಓಡುತ್ತಾರೆ. ವಿಡಿಯೋ ತೋರಿಸಿದಳು. ಅಲ್ಲಿವರೆಗೂ ಹೋಗದೆ ನಡುವೆಯೇ ಎಲ್ಲ ಮನೆಗಳೂ ಬಿಟ್ಟರೆ? ಫೋನು ಬಂದ ತಕ್ಷಣ ನಾನೇ ಹೊರಡುತ್ತೇನೆ, ಎರಡೂವರೆ ಗಂಟೆ ದಾರಿ. ಆ ವಾರವೇ ಕಾರು ಸರ್ವೀಸಿಗೆ ಕೊಡಬೇಕು ಅಂತ ಇವರು ಏನೋ ಅಂದಿದ್ದರು. ಅದನ್ನು ಮುಂದಕ್ಕೆ ಹಾಕಿಸಬೇಕು, ನಾಳೆ ಬೆಳಿಗ್ಗೆಯೇ ಫೋನ್ ಮಾಡಿ.