ಎರಡನೇ ಮಂಗಳವಾರ

ಇವತ್ತು ಅಂಗಡಿಗೆ ಸೇಡಂ ಕಡೆಯ ಕಾಕಾ ಒಬ್ಬರು ಪಹಣಿ ತೆಗೆಸಲು ಬಂದಿದ್ದರು. ಪ್ರಿಂಟ್ ಕೊಡುವ ಹೊತ್ತಿಗೇ ಕಂಪ್ಯೂಟರ್ ಅಪ್‌ಡೇಟ್ ಶುರು ಮಾಡಿತು. 40 ನಿಮಿಷ! “ಇರ್ಲಿ ತಮ್ಮ, ಕುಂತಿರ್ತೀನಿ” ಅಂದರು. ನನಗೇ ಸಂಕಟ. ವಾರದಿಂದ ‘ಆಮೇಲೆ’ ಅಂತ ಒತ್ತುತ್ತಾ ಬಂದವನು ನಾನೇ.

ಬೇಡ ಅನ್ನಲೂ ಆಗುವುದಿಲ್ಲ. 2017ರ ಮೇ 12ರಂದು ಹರಡಿದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನೆನಪಿದೆ ಅಲ್ವಾ? ಅದು ನುಗ್ಗಿದ ಕಿಂಡಿ ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕದೆ ಸುಮ್ನೆ ಬಿಟ್ಟ ಎಷ್ಟೋ ಜನರ ಫೈಲುಗಳಿಗೆ ಬೀಗ ಬಿತ್ತು. ನನ್ನ ಕಂಪ್ಯೂಟರಿನಲ್ಲಿ ಜನರ ಆಧಾರ್, ಪಾಸ್‌ಬುಕ್ ಪ್ರತಿಗಳಿವೆ. ಅವರು ನಂಬಿ ಕೊಟ್ಟದ್ದು. ಹಾಗಂತ ಬಂದ ಕೂಡಲೇ ಹಾಕಲೂ ಭಯ. 2024ರ ಜುಲೈನಲ್ಲಿ ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತಿದ್ದವು.

ವಿಂಡೋಸ್ ಅಪ್‌ಡೇಟ್ ತಿಂಗಳ ಎರಡನೇ ಮಂಗಳವಾರ ಬರುತ್ತದೆ, ನಮಗೆ ಆಗ ರಾತ್ರಿ. ಇನ್ಮೇಲೆ ಅದೇ ವಾರದ ಶನಿವಾರ, ಅಂಗಡಿ ಮುಚ್ಚುವಾಗ ಹಾಕುತ್ತೇನೆ. ಮೊದಲು ಫೈಲುಗಳ ಕಾಪಿ, ಆಮೇಲೆ ಯುಪಿಎಸ್ ಚಾರ್ಜ್ ನೋಡುವುದು. ಕಲಬುರಗಿ ಬೇಸಿಗೆ, ನಡುವೆ ಕರೆಂಟ್ ಹೋದರೆ ಕಷ್ಟ.

ಕಾಕಾಗೆ ಚಹಾ ತರಿಸಿಕೊಟ್ಟೆ. ಪಹಣಿ ಮಡಚಿ ಜೇಬಿಗಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದರು.