ವಿಯು ಹೋಗಿ ಫೋರ್‌ಯು ಆದ ಸಂಜೆ

ಜುಲೈ ತಿಂಗಳ ಒಂದು ಶನಿವಾರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆ ಹಿಡಿದು ಅವತ್ತಿಗೆ ಒಂಬತ್ತು ದಿನ. ಕರೆಂಟ್ ಮಧ್ಯಾಹ್ನವೇ ಹೋಗಿತ್ತು. ನನ್ನ ಹವ್ಯಾಸಿ ರೇಡಿಯೋದ ಟ್ರಾನ್ಸ್‌ಸೀವರ್, ಅಂದರೆ ಕಳಿಸುವ, ಕೇಳುವ ಎರಡೂ ಕೆಲಸದ ಸೆಟ್ಟು, 12 ವೋಲ್ಟಿನ ಬ್ಯಾಟರಿಯ ಮೇಲೆ ಓಡುತ್ತಿತ್ತು. ಕತ್ತಲಾಗುವ ಹೊತ್ತಿಗೆ 14 ಮೆಗಾಹರ್ಟ್ಸ್‌ನಲ್ಲಿ ಯುರೋಪಿನವರು ಚೆನ್ನಾಗಿ ಕೇಳಿಸತೊಡಗಿದರು. ಯಾರಾದರೂ ಮಾತಿಗೆ ಬನ್ನಿ ಎಂದು ಕರೆಯುವ ಸಿಕ್ಯುವನ್ನು ನಾನು ಮೋರ್ಸ್‌ನಲ್ಲಿ ಕಳಿಸಿದೆ. ಎರಡನೇ ಕರೆಗೇ ಇಟಲಿಯ ಒಬ್ಬರು ಬಂದರು. ಆದರೆ ಅವರು ಕರೆದದ್ದು ನನ್ನನ್ನಲ್ಲ. 'ಫೋರ್ ಯು ಟು?' ಎಂದು ಕೇಳಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ನಿಂತರು.

ನಮ್ಮ ದೇಶದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಕರೆಸಂಕೇತ ಸಾಮಾನ್ಯವಾಗಿ ವಿಯು 2 ಅಥವಾ ವಿಯು 3 ಎಂದು ಶುರುವಾಗುತ್ತದೆ. ಮೋರ್ಸ್‌ನಲ್ಲಿ ಗಿಡ್ಡ ಸದ್ದು ಡಿಟ್ ಅಥವಾ ಡಿ, ಉದ್ದ ಸದ್ದು ಡಾ. 'ವಿ' ಅಂದರೆ ಡಿ ಡಿ ಡಿ ಡಾ. ಅದಕ್ಕೆ ಮುಂದೆ ಒಂದೇ ಒಂದು ಡಿಟ್ ಸೇರಿದರೆ ಡಿ ಡಿ ಡಿ ಡಿ ಡಾ, ಅದು ಅಂಕಿ 4. ಫೋರ್ ಯು ಅನ್ನುವುದು ವಿಶ್ವಸಂಸ್ಥೆಗೆ ಕೊಟ್ಟಿರುವ ಸಂಕೇತ. ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಕ್ಲಬ್ ಸ್ಟೇಷನ್, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸ್ಟೇಷನ್, ಇಂಥವರು ಬಳಸುವಂಥದ್ದು. ಅದು ಕಿವಿಗೆ ಬಿದ್ದರೆ ಜನ ಮುಗಿಬೀಳುತ್ತಾರೆ. ಇಟಲಿಯವರು ಮೂರು ಸಲ ಕೇಳಿದರು. ಆ ಕೇಳುವಿಕೆಯಲ್ಲಿದ್ದ ಆಸೆ ನನಗೆ ಕೇಳಿಸುತ್ತಿತ್ತು. ನಿಧಾನಿಸಿ ಮತ್ತೆ ಕಳಿಸಿದೆ. ಒಮ್ಮೆ ವಿ ಆಗಿ ಹೋಯಿತು, ಇನ್ನೊಮ್ಮೆ 4 ಆಗಿಯೇ ಹೋಯಿತು. ಕೊನೆಗೆ ಅವರಿಗೆ ಅರ್ಥವಾಯಿತು, ಸೌಜನ್ಯದಿಂದಲೇ ಸಿಗ್ನಲ್ ರಿಪೋರ್ಟ್ ಕೊಟ್ಟು, 73 ಎಂಬ ಶುಭಾಶಯ ಹೇಳಿ ಹೋದರು. ನಾನು ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ಕೂತೆ. ಸಾವಿರಾರು ಕಿಲೋಮೀಟರ್ ಆಚೆಯವರಿಗೆ ನನ್ನ ಹೆಸರನ್ನೇ ಸರಿಯಾಗಿ ಹೇಳಲಾಗಲಿಲ್ಲ ಎಂಬುದು ಬಹಳ ಕಾಡಿತು. ತಪ್ಪು ನನ್ನ ಬಗ್‌ನದು ಎಂದು ಗೊತ್ತಿತ್ತು. ಅಂದರೆ ಅದನ್ನು ನೋಡಿಕೊಳ್ಳಬೇಕಾದ ನನ್ನದು.

ಬಗ್ ಅಂದರೆ ಮೋರ್ಸ್ ಕಳಿಸುವ ಅರೆ-ಸ್ವಯಂಚಾಲಿತ ಕೀ. ಮಾಮೂಲಿ ಸ್ಟ್ರೇಟ್ ಕೀಯಲ್ಲಿ ಪ್ರತಿ ಡಿಟ್‌ಗೂ ಪ್ರತಿ ಡಾಗೂ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ಹಗಲಿಡೀ ಹಾಗೆ ಆಡಿಸಿ ತಂತಿ ಆಪರೇಟರುಗಳ ಕೈ ಸೋತುಹೋಗುತ್ತಿತ್ತು. ಅಮೆರಿಕದಲ್ಲಿ ಅದಕ್ಕೆ ಗಾಜಿನ ತೋಳು ಎಂದೇ ಹೆಸರಿಟ್ಟಿದ್ದರು. ನ್ಯೂಯಾರ್ಕಿನ ಹೊರೇಸ್ ಮಾರ್ಟಿನ್ 1904ರಲ್ಲಿ ಪೇಟೆಂಟ್ ಪಡೆದ ವೈಬ್ರೋಪ್ಲೆಕ್ಸ್ ಎಂಬ ಬಗ್‌ನಲ್ಲಿ ಕೈ ಅಡ್ಡಡ್ಡ ಆಡುತ್ತದೆ. ಹೆಬ್ಬೆರಳಿನಿಂದ ಬಲಕ್ಕೆ ಒತ್ತಿ ಹಿಡಿದರೆ ಲಿವರಿನ ಹಿಂದಿರುವ ತೆಳು ಉಕ್ಕಿನ ಪಟ್ಟಿ, ಅದರ ಕಡ್ಡಿ, ಕಡ್ಡಿಯ ಮೇಲಿನ ತೂಕ, ಎಲ್ಲ ಸೇರಿ ಲೋಲಕದ ಹಾಗೆ ನಡುಗುತ್ತವೆ. ಪ್ರತಿ ನಡುಕಕ್ಕೂ ಒಂದು ಡಿಟ್ ಹೊರಡುತ್ತದೆ. ಡಾ ಮಾತ್ರ ಪೂರ್ತಿ ನಮ್ಮದೇ. ತೋರುಬೆರಳಿನಿಂದ ಎಡಕ್ಕೆ ಒತ್ತಿದಷ್ಟು ಹೊತ್ತು ಅದರ ಉದ್ದ. ಕರೆಂಟಿಲ್ಲ, ಚಿಪ್ ಇಲ್ಲ, ಬರೀ ಸ್ಪ್ರಿಂಗು ಮತ್ತು ತೂಕ. ಈಗಿನ ಎಲೆಕ್ಟ್ರಾನಿಕ್ ಕೀಯರ್ ಎರಡನ್ನೂ ಅಳತೆಗೆ ತಕ್ಕಂತೆ ತಾನೇ ಮಾಡಿಕೊಡುತ್ತದೆ, ಯಾರು ಒತ್ತಿದರೂ ಒಂದೇ ಸದ್ದು. ಬಗ್‌ನಲ್ಲಿ ಡಾ ಕೇಳಿಯೇ ಯಾರ ಕೈ ಎಂದು ಹೇಳಬಹುದು. ನನಗೆ ಅದು ಬೇಕು. ಅದಕ್ಕಾಗಿಯೇ ಇಷ್ಟು ಕಷ್ಟ.

ನನ್ನ ಬಗ್ ಕುಂದಾಪುರದ ಹಿರಿಯರೊಬ್ಬರದು. ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. 1999ರ ಫೆಬ್ರವರಿ 1ರಿಂದ ಹಡಗುಗಳಿಗೆ ಉಪಗ್ರಹ ಆಧಾರಿತ ಹೊಸ ಸುರಕ್ಷತಾ ವ್ಯವಸ್ಥೆ ಪೂರ್ತಿ ಕಡ್ಡಾಯವಾಯಿತಲ್ಲ, ಅಲ್ಲಿಗೆ ಅವರ ಕೆಲಸವೂ ಮುಗಿಯಿತು. ಕೀಯನ್ನು ಮಾತ್ರ ಮನೆಗೆ ತಂದುಕೊಂಡಿದ್ದರು. ಹೆಸರಿನ ತಗಡು ಎಂದೋ ಬಿದ್ದುಹೋಗಿದೆ, ಯಾವ ಕಂಪನಿಯದೆಂದು ಹೇಳುವ ಹಾಗಿಲ್ಲ. ಕಬ್ಬಿಣದ ಪೀಠ, ಎತ್ತಿದರೆ ಒಂದು ಸಣ್ಣ ಗುಂಡುಕಲ್ಲಿನ ಭಾರ. ಲೈಸೆನ್ಸ್ ಪರೀಕ್ಷೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಕಲಿತು ಪಾಸಾಗಿ ಅವರ ಮನೆಗೆ ಹೋಗಿದ್ದಾಗ ಅದನ್ನು ನನ್ನ ಮುಂದಿಟ್ಟು ಕಳಿಸಲು ಹೇಳಿದರು. ನಾನು ಸ್ಟ್ರೇಟ್ ಕೀ ರೂಢಿಯಲ್ಲಿ ಅದುಮಿದೆ. ಅವರು ನನ್ನ ಮಣಿಕಟ್ಟು ಹಿಡಿದು ಹೇಳಿದ್ದು ಇಷ್ಟು: "ಒತ್ತೂದಲ್ಲ ಮಾರಾಯ, ಮುಟ್ಟೂದ್ ಅಷ್ಟೇ." ಎರಡು ವರ್ಷ ಬಿಟ್ಟು ಕೀ ನನ್ನ ಕೈಗೆ ಬಂತು. ಈಗ ಅವರಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿ ಪಕ್ಕ ಬಿಳಿ ಪಂಚೆ ಹಾಸಿ ಬಗ್ ಇಟ್ಟುಕೊಂಡು ಕೂತೆ. ಬಿಚ್ಚುವ ಮೊದಲು ಇದ್ದ ಹಾಗೇ ಅದರ ದನಿ ನೋಡಬೇಕಿತ್ತು. ನಾವು ಕಳಿಸುವುದನ್ನು ನಮಗೇ ಕೇಳಿಸುವ ಟ್ರಾನ್ಸ್‌ಸೀವರ್‌ನ ಸೈಡ್‌ಟೋನ್ ಸ್ಪೀಕರಿಗೆ ಬಿಟ್ಟು, ಹೆಬ್ಬೆರಳಿಂದ ಡಿಟ್ ಹರಿಯಲು ಬಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆ ಅಲೆಯ ಚಿತ್ರವನ್ನು ದೊಡ್ಡದು ಮಾಡಿದರೆ ಎಲ್ಲ ಕಣ್ಣಿಗೇ ಕಾಣುತ್ತದೆ. ಡಿಟ್ ಒಂದು ತುಂಬಿದ ಇಟ್ಟಿಗೆಯ ಹಾಗೆ ಕಾಣಬೇಕು, ಪಕ್ಕದ ಖಾಲಿ ಜಾಗವೂ ಅಷ್ಟೇ ಅಗಲ ಇರಬೇಕು. ನಿಮಿಷಕ್ಕೆ 20 ಪದದ ವೇಗದಲ್ಲಿ ಡಿಟ್ 60 ಮಿಲಿಸೆಕೆಂಡ್, ನಡುವಿನ ಬಿಡುವೂ 60. ನನ್ನ ಚಿತ್ರದಲ್ಲಿ ಇಟ್ಟಿಗೆಗಳು ಅಗಲವಾಗಿ ಬಿಡುವು ಕಿರಿದಾಗಿತ್ತು. ಆರೇಳು ಡಿಟ್‌ಗೊಂದರಂತೆ ನಡುವೆ ಸೀಳು ಬಿಟ್ಟಿತ್ತು. ಅದೇ ಸೀಳು ಇಟಲಿ ಮುಟ್ಟುವಷ್ಟರಲ್ಲಿ ಇನ್ನೊಂದು ಡಿಟ್ ಆಗಿದೆ.

ಭೂತಗನ್ನಡಿ ಹಿಡಿದು ಡಿಟ್ ಕಾಂಟ್ಯಾಕ್ಟ್ ನೋಡಿದೆ. ಕಪ್ಪಾಗಿತ್ತು. ಮಳೆಗಾಲದಲ್ಲಿ ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುತ್ತದಲ್ಲ, ಅದೇ ಕಪ್ಪು. ಮಲೆನಾಡಿನ ಥಂಡಿ ಯಾರನ್ನೂ ಬಿಡುವುದಿಲ್ಲ. ಹಳೆಯ ತಂತಿ ಲೈನಿನಲ್ಲೋ ವಾಲ್ವ್ ಟ್ರಾನ್ಸ್‌ಮಿಟರಿನಲ್ಲೋ ಆಗಿದ್ದರೆ ಕೀ ಮೂಲಕ ಹರಿಯುವ ಕರೆಂಟೇ ಈ ಪೊರೆಯನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಕೀಗೆ ಬರುವುದು ಕೆಲವೇ ವೋಲ್ಟ್, ಕೆಲವೇ ಮಿಲಿಆಂಪ್. ಅಷ್ಟಕ್ಕೆ ಪೊರೆ ಜಗ್ಗುವುದಿಲ್ಲ. ಮೇಲಾಗಿ ಈ ಸೆಟ್ಟುಗಳು ಎಷ್ಟು ಚುರುಕೆಂದರೆ ಕಾಂಟ್ಯಾಕ್ಟ್ ಚೂರು ಪುಟಿದರೂ ಅದನ್ನೂ ನಿಯತ್ತಾಗಿ ಗಾಳಿಗೆ ಬಿಡುತ್ತವೆ.

ಅಷ್ಟು ಗೊತ್ತಾದ ಮೇಲೆ ನಾನು ಮಾಡಿದ ತಪ್ಪಿನ ಜಾಡೂ ಸಿಕ್ಕಿತು. ಮೇ ತಿಂಗಳ ಕೊನೆಯಿಂದಲೇ ಡಿಟ್‌ಗಳು ಸೊರಗಿದ ಹಾಗೆ ಕೇಳಿಸುತ್ತಿದ್ದವು. ಒರೆಸಬೇಕಿತ್ತು. ನಾನು ಡಿಟ್ ಸ್ಕ್ರೂವನ್ನು ಕಾಲು ಸುತ್ತು ಮುಂದೆ ತಿರುಗಿಸಿದೆ, ದನಿ ದಪ್ಪವಾಯಿತು. ಜೂನ್‌ನಲ್ಲಿ ಇನ್ನೊಂದು ಚೂರು. ಕೊಳೆ ಹಾಗೇ ಉಳಿಯಿತು, ಅಳತೆ ಕೆಟ್ಟಿತು. ಸ್ಕ್ರೂ ಮುಂದೆ ಹೋದಷ್ಟೂ ಲೋಲಕ ಅದಕ್ಕೆ ಜೋರಾಗಿ ಬಡಿಯುತ್ತದೆ, ಬಡಿದಷ್ಟೂ ಪುಟಿಯುತ್ತದೆ. ಇದು ಸಾಲದೆಂದು ಭೂತಗನ್ನಡಿಯಲ್ಲಿ ಕಾಂಟ್ಯಾಕ್ಟಿನ ಮೇಲೆ ಸಣ್ಣ ಗೀರುಗಳೂ ಕಂಡವು. ಹಿಂದಿನ ವರ್ಷ ನಾನೇ ಉಜ್ಜುಕಾಗದ ಹಾಕಿ ಉಜ್ಜಿದ್ದರ ಗುರುತು. ಆ ಗೀರುಗಳಲ್ಲಿ ಕೊಳೆ ಮನೆ ಮಾಡಿಕೊಂಡಿತ್ತು. ಕೀ ಕೊಡುವಾಗ ಆ ಹಿರಿಯರು ಉಜ್ಜಬೇಡ ಅಂದಿದ್ದರು. ನೆನಪಾಗಿ ಬಹಳ ಬೇಜಾರಾಯಿತು.

ಈ ಸಲ ಬರೀ ಕಾಗದ. ಹಳೆಯ ಲಗ್ನಪತ್ರಿಕೆಯ ದಪ್ಪ, ನಯವಾದ ಕಾಗದವನ್ನು ಅರ್ಧ ಬೆರಳಗಲ ಕತ್ತರಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೋಯಿಸಿ, ಎರಡು ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಮೆಲ್ಲಗೆ ಮುಚ್ಚಿ, ಎಳೆದೆ. ಕಾಡಿಗೆ ಗೆರೆ ಎಳೆದ ಹಾಗೆ ಬಂತು. ಎರಡನೆಯದು ಬೂದಿ ಬಣ್ಣ. ಐದನೇ ಪಟ್ಟಿಗೆ ಕಾಗದ ಕಾಗದವಾಗಿಯೇ ಹೊರಬಂತು. ಕೊನೆಗೊಂದು ಒಣ ಪಟ್ಟಿ, ಕಾಗದದ ನಾರು ಅಲ್ಲೇ ಉಳಿಯಬಾರದೆಂದು. ಡಾ ಕಾಂಟ್ಯಾಕ್ಟಿಗೂ ಹಾಗೆಯೇ. ವಿಭೂತಿ, ಹುಣಿಸೆಹಣ್ಣು ದೀಪಕ್ಕೆ ಸರಿ, ಇಲ್ಲಿ ಬೇಡ.

ಆಮೇಲೆ ತಿರುಗಣೆ. ಲಿವರ್ ಮೇಲೆ ಕೆಳಗೆ ಎರಡು ಮೊನೆಗಳ ನಡುವೆ ನಿಂತು ತಿರುಗುತ್ತದೆ. ಕರೆಂಟೂ ಅದೇ ಮೊನೆಗಳ ಮೂಲಕವೇ ಹಾದು ಹೋಗುವುದರಿಂದ ಅದು ಸಡಿಲವಾದರೂ ಕೊಳೆಯಾದರೂ ದನಿಯಲ್ಲಿ ಗೊತ್ತಾಗುತ್ತದೆ. ಒರೆಸಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಎಣ್ಣೆ ಮುಟ್ಟಿಸಿ, ಮೇಲಿನ ಸ್ಕ್ರೂವನ್ನು ಬೆರಳಿನಲ್ಲಿ ಬಿಗಿ ಮಾಡಿ ಒಂದು ಕೂದಲೆಳೆಯಷ್ಟು ಹಿಂದೆ ತಂದೆ. ಲಿವರ್ ಮೇಲೆ ಕೆಳಗೆ ಅಲ್ಲಾಡಬಾರದು, ಅಡ್ಡಡ್ಡಕ್ಕೆ ಮಾತ್ರ ಉಸಿರು ತಾಗಿದರೂ ಸರಿಯಬೇಕು. ಕಡ್ಡಿಯ ನಡುಕ ನಿಲ್ಲಿಸುವ ಡ್ಯಾಂಪರ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಡ್ಡಿ ವಿಶ್ರಾಂತಿಯಲ್ಲಿದ್ದಾಗ ಅದಕ್ಕೆ ಒರಗಿ ನಿಂತರೆ ಸಾಕು.

ಇನ್ನು ಡಿಟ್ ಸ್ಕ್ರೂ. ಬಗ್‌ನ ಜೀವ ಇರುವುದೇ ಇಲ್ಲಿ. ಸ್ಕ್ರೂ ಪೂರ್ತಿ ಹಿಂದೆ ತೆಗೆದು, ಹೆಬ್ಬೆರಳಿಂದ ಲಿವರನ್ನು ಡಿಟ್ ಕಡೆಗೆ ಒತ್ತಿ ಹಿಡಿದೆ. ಲೋಲಕ ನಡುಗಿತು, ಕಡಿಮೆಯಾಯಿತು, ನಿಂತಿತು. ಪೂರ್ತಿ ನಿಂತ ಮೇಲೆ, ಹೆಬ್ಬೆರಳು ಬಿಡದೆ, ಇನ್ನೊಂದು ಕೈಯಿಂದ ಸ್ಕ್ರೂ ಮುಂದೆ ತಂದೆ. ಮಲ್ಟಿಮೀಟರ್ ಬೀಪ್ ಮೋಡಿನಲ್ಲಿತ್ತು. ಬೀಪ್ ಅಂದ ಜಾಗದಲ್ಲಿ ನಿಲ್ಲಿಸಿ ಲಾಕ್ ನಟ್ ಬಿಗಿ ಮಾಡಿದೆ. ನಟ್ ಬಿಗಿಯುವಾಗ ಸ್ಕ್ರೂ ಕೂಡ ಚೂರು ತಿರುಗುತ್ತದೆ, ಆದ್ದರಿಂದ ಮೂರು ಸಲ ಮಾಡಬೇಕಾಯಿತು. ಯಾಕೆ ಆ ಜಾಗವೇ ಎಂದರೆ, ಲೋಲಕ ನಿಲ್ಲುವ ಜಾಗ ಅದರ ಓಲಾಟದ ನಟ್ಟನಡು. ನಡುವಿನಲ್ಲಿ ಕಾಂಟ್ಯಾಕ್ಟ್ ಆಗಷ್ಟೇ ಮುಟ್ಟುವ ಹಾಗಿದ್ದರೆ, ಓಡುವಾಗ ಅರ್ಧ ಹೊತ್ತು ಮುಚ್ಚಿರುತ್ತದೆ, ಅರ್ಧ ಹೊತ್ತು ತೆರೆದಿರುತ್ತದೆ. ಡಿಟ್ ಎಷ್ಟೋ ಬಿಡುವೂ ಅಷ್ಟೇ. ನೂರಿಪ್ಪತ್ತು ವರ್ಷದ ಹಿಂದಿನ ಒಂದು ಸ್ಪ್ರಿಂಗ್ ಈ ಲೆಕ್ಕವನ್ನು ಇವತ್ತಿಗೂ ತಪ್ಪದೆ ಮಾಡುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ರೋಮಾಂಚನ.

ಮತ್ತೆ ರೆಕಾರ್ಡ್ ಮಾಡಿ ನೋಡಿದೆ. ಇಟ್ಟಿಗೆಗಳು ಸಮವಾಗಿದ್ದವು. ಆದರೂ ಹತ್ತು ಹನ್ನೆರಡಕ್ಕೊಂದು ತೆಳು ಸೀಳು ಉಳಿದಿತ್ತು, ಬಹುಶಃ ಗೀರುಗಳ ದೆಸೆಯಿಂದ. ಇದಕ್ಕೆ ಹ್ಯಾಮ್‌ಗಳ ನಡುವೆ ಓಡಾಡುವ ಒಂದು ಹಳೆಯ ಉಪಾಯ ಇದೆ. ಲೋಲಕದ ಕಡ್ಡಿಗೆ ಕಾಂಟ್ಯಾಕ್ಟನ್ನು ಹಿಡಿದಿರುವ ಸ್ಪ್ರಿಂಗ್ ಇಂಗ್ಲಿಷಿನ ಯು ಆಕಾರದಲ್ಲಿರುತ್ತದೆ. ಆ ಬಾಗಿನೊಳಗೆ ಮೆತ್ತನೆಯದೇನಾದರೂ ತುರುಕಿದರೆ ಪುಟಿಯುವುದು ಅಡಗುತ್ತದೆ. ಕೆಲವರು ಸ್ಪಂಜಿನ ಚೂರು ಇಡುತ್ತಾರೆ. ನಾನು ಹೂಬತ್ತಿ ಮಾಡುವ ಹತ್ತಿಯ ಎಳೆಯೊಂದನ್ನು ಹೊಸೆದು ಇಕ್ಕಳದಲ್ಲಿ ಒಳಗೆ ಕೂರಿಸಿದೆ. ಸೀಳು ಹೋಯಿತು. ಎರಡು ನಿಮಿಷ ಎಸ್, ಎಚ್, 5, ವಿ, 4 ಕಳಿಸುತ್ತಾ ಕೇಳಿದೆ. ವಿ ವಿಯಾಗಿ, 4 ನಾಲ್ಕಾಗಿ ಬಂದವು. ಮಳೆ ಹೊಯ್ಯುತ್ತಲೇ ಇತ್ತು. ಆ ಸದ್ದಿನ ನಡುವೆಯೂ ಒಂದೊಂದು ಡಿಟ್ ಬಿಡಿ ಬಿಡಿಯಾಗಿ, ಮುತ್ತು ಪೋಣಿಸಿದ ಹಾಗೆ ಕೇಳಿತು.

ಒಂದು ಕೆಲಸ ಬಾಕಿ ಇತ್ತು. ನನ್ನ ಬಗ್‌ನ ತೂಕವನ್ನು ಕಡ್ಡಿಯ ತುದಿಗೆ ತಳ್ಳಿದರೂ ಡಿಟ್‌ಗಳು ನಿಮಿಷಕ್ಕೆ 22 ಪದದ ವೇಗಕ್ಕಿಂತ ಕೆಳಗೆ ಇಳಿಯುವುದಿಲ್ಲ. ತಂತಿ ಕೆಲಸಕ್ಕೆ ಹುಟ್ಟಿದ ಯಂತ್ರ, ನಿಧಾನ ಅದಕ್ಕೆ ಗೊತ್ತಿಲ್ಲ. ಹಾಸನ ಕಡೆಯ ಒಬ್ಬ ಹುಡುಗ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡಿದ್ದಾನೆ, ಸಂಜೆ 7 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತಾನೆ. 16 ಪದ ಆದರೆ ಅವನಿಗೆ ಹಿತ. ಡಿಟ್ ವೇಗವಾಗಿ, ಡಾ ನಿಧಾನವಾಗಿ ಕಳಿಸಿದರೆ ಕಲಿಯುವವರ ಕಿವಿ ಕೆಡುತ್ತದೆ, ಅದು ನನಗೆ ಸರಿಬರುವುದಿಲ್ಲ. ಬಲಕ್ಕೆ ಎರಡು, ಎಡಕ್ಕೆ ಎರಡು ಸೀಸದ ಗುಂಡು, ಮೀನಿನ ಗಾಳಕ್ಕೆ ಕಟ್ಟುವಂಥವು, ತೂಕಕ್ಕೆ ಸೇರಿಸಿ ದಾರ ಬಿಗಿದು ಕಟ್ಟಿದೆ. ಒಂದೇ ಕಡೆ ಕಟ್ಟಿದರೆ ಕಡ್ಡಿ ಓಲುವ ಬದಲು ತಿರುಚಿಕೊಳ್ಳುತ್ತದೆ. ತೂಕ ಬದಲಾದ ಮೇಲೆ ಡಿಟ್ ಸ್ಕ್ರೂವನ್ನೂ ಮತ್ತೆ ನೋಡಬೇಕು. ನೋಡಿದೆ.

ಸಂಜೆ ಅವನು ಸಿಕ್ಕ. ಮಳೆ, ಅಡಿಕೆಗೆ ಔಷಧಿ ಹೊಡೆಯಲು ಬಿಡುವು ಸಿಗದಿರುವುದು, ಅವನ ಆಂಟೆನಾ, ಇಷ್ಟೇ ಮಾತು. ಕರೆಸಂಕೇತವನ್ನು ಒಮ್ಮೆಯೂ ತಿರುಗಿ ಕೇಳಲಿಲ್ಲ. ನಡುವೆ, ಇದು ಬಗ್ ಅಲ್ಲವೇ ಎಂದು ತಾನಾಗಿಯೇ ಕೇಳಿದ. ಹೌದೆಂದೆ. ನಿಮ್ಮ ಡಾ ಉದ್ದ, ಗೊತ್ತಾಗುತ್ತದೆ ಎಂದ. ನನ್ನ ಡಾ ಉದ್ದವಾಗಿದ್ದು ಕುಂದಾಪುರದ ಆ ಜಗಲಿಯಲ್ಲಿ ಕೂತು ಅವರ ಕೈ ನೋಡಿ ಕಲಿತದ್ದರಿಂದ. ಅಷ್ಟನ್ನೆಲ್ಲ ಕಳಿಸಲು ಹೋಗಲಿಲ್ಲ. ಇನ್ನೊಂದು ದಿನ ಹೇಳುತ್ತೇನೆ ಎಂದೆ.

ಎಲ್ಲ ಮುಗಿದು 73 ಆದ ಮೇಲೆ ಕೊನೆಯಲ್ಲಿ ಎರಡು ಬಿಡಿ ಡಿಟ್ ಕಳಿಸಿ ಬೀಳ್ಕೊಡುವುದು ರೂಢಿ. ಬಗ್‌ನಲ್ಲಿ ಅದೇ ಎಲ್ಲಕ್ಕಿಂತ ಕಷ್ಟ. ಲೋಲಕ ಹತ್ತು ಡಿಟ್ ಕೊಡಲು ತಯಾರಾಗಿ ನಿಂತಿರುತ್ತದೆ. ಒಂದನ್ನು ಮಾತ್ರ ತೆಗೆದುಕೊಂಡು, ಎರಡನೆಯದು ಹುಟ್ಟುವ ಮೊದಲೇ ಹೆಬ್ಬೆರಳು ವಾಪಸ್ ಬರಬೇಕು. ಅವನು ತನ್ನ ಎರಡು ಡಿಟ್ ಕಳಿಸಿ ಕಾಯುತ್ತಿದ್ದ. ನಾನು ಪ್ಯಾಡಲ್ ಮುಟ್ಟಿದೆ, ಬಿಟ್ಟೆ. ಇನ್ನೊಮ್ಮೆ ಮುಟ್ಟಿದೆ, ಬಿಟ್ಟೆ.