ರ್ಯಾಕ್ ಮತ್ತು ನನ್ನ ಕಾಲು

ದಿಣ್ಣೆ ಅಂತ ಹೇಳುವಷ್ಟೇನೂ ಇರಲಿಲ್ಲ ಅದು. ಬೇಣದಲ್ಲಿ ದನ ಓಡಾಡಿ ಗಟ್ಟಿಯಾದ ಕೆಮ್ಮಣ್ಣಿನ ಒಂದು ಉಬ್ಬು ಅಷ್ಟೆ. ಬಲಗಡೆಯ ಮುಂದಿನ ಚಕ್ರ ಅದರ ಮೇಲೆ ಹತ್ತಿತು. ಸ್ಟೇರಿಂಗನ್ನು ನಾನು ನೇರ ಹಿಡಿದೇ ಇದ್ದೆ. ಗಾಡಿ ಮಾತ್ರ ಬಲಕ್ಕೆ ಎಗರಿ, ಕವಳಿ ಮಟ್ಟಿಯೊಳಗೆ ಮೂತಿ ತೂರಿಸಿ ನಿಂತಿತು.

ಭಾವ ಓಡಿ ಬಂದ. "ಎಂತಕ್ಕೆ ತಿರುಗಿಸಿದ್ಯೋ?"

"ಆನು ತಿರುಗ್ಸಿದ್ನಿಲ್ಲೆ ಮಾರಾಯ. ಅದೇ ತಿರುಗ್ತು."

ಅವನು ನಂಬಲಿಲ್ಲ. ನಾನು ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಗಾಡಿಯ ಕಥೆ ಸ್ವಲ್ಪ ಹೇಳಬೇಕು. ಶಿರಸಿಯ ಹತ್ತಿರ ನಮ್ಮ ಮನೆ. ಅಡಿಕೆ ಸುಲಿಯುವ ಸೀಸನ್ ಮುಗಿದ ಮೇಲೆ ಅಂಗಳದ ಪಕ್ಕದ ಶೆಡ್ಡು ಖಾಲಿ ಬಿದ್ದಿರುತ್ತದೆ. ಅಲ್ಲಿ ನಾನು, ಭಾವ ಸೇರಿ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲು ಒಂದೇ ಸೀಟಿನ ರೇಸ್ ಗಾಡಿ ಕಟ್ಟುತ್ತಿದ್ದೆವು. ಪೈಪಿನ ಚಾಸಿ, ಹಳೆಯ ಮಾರುತಿ 800ರ ಎಂಜಿನ್. ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಇಡಿಯಾಗಿ ಎತ್ತಿ ಸೀಟಿನ ಹಿಂದೆ ಕೂರಿಸಿದೆವು. ಅಲ್ಲಿಗೆ ಹಿಂದಿನ ಚಕ್ರಕ್ಕೆ ಎಳೆತ ಬಂತು. ಮುಂದುಗಡೆ ಮಾತ್ರ ಎಲ್ಲ ಹೊಸದಾಗಿ ಮಾಡಬೇಕು. ಚಕ್ರ ಏರಿಳಿಯುವುದಕ್ಕೆ 800ರಲ್ಲಿ ಇರುವುದು ಸ್ಟ್ರಟ್, ಅಂದರೆ ಕೆಳಗೆ ಮಾತ್ರ ತೋಳು, ಮೇಲೆ ಶಾಕ್‌ಅಬ್ಸಾರ್ಬರೇ ಆಧಾರ. ನಮಗೆ ಬೇಕಾದದ್ದು ಮೇಲೊಂದು, ಕೆಳಗೊಂದು ತೋಳು ಇರುವ ಡಬಲ್ ವಿಶ್‌ಬೋನ್.

ಕಂಪ್ಯೂಟರಿನಲ್ಲಿ ಡಿಸೈನ್ ಮಾಡಬಹುದಿತ್ತು. ನಾವು ಮಾಡಿದ್ದು ದಬ್ಬೆಯಲ್ಲಿ, ಅಂದರೆ ಅಡಿಕೆ ಮರದ ಸೀಳಿನಲ್ಲಿ. ಅಡಿಕೆ ದಬ್ಬೆಯನ್ನು ತೆಳ್ಳಗೆ ಸೀಳಿ, ಮೇಲಿನ ತೋಳು, ಕೆಳಗಿನ ತೋಳು, ಎರಡನ್ನೂ ಚಕ್ರಕ್ಕೆ ಜೋಡಿಸುವ ನಕಲ್ ಅಂತ ಕತ್ತರಿಸಿ, ಪ್ಲೈವುಡ್ ಮೇಲೆ ಮೊಳೆ ಹೊಡೆದು ಅದೇ ಅಳತೆಯ ಮಾದರಿ. ಚಕ್ರದ ಜಾಗದಲ್ಲಿ ಕೈ ಹಿಡಿದು ಮೇಲೆ ಕೆಳಗೆ ಮಾಡಿದರೆ ಕ್ಯಾಂಬರ್, ಅಂದರೆ ಚಕ್ರದ ವಾಲು, ಹೇಗೆ ಬದಲಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಮೇಲಿನ ತೋಳು ಸ್ವಲ್ಪ ಗಿಡ್ಡ ಇದ್ದರೆ ಚಕ್ರ ಮೇಲೆ ಹೋದ ಹಾಗೆ ಅದರ ತಲೆ ಒಳಗೆ ವಾಲುತ್ತದೆ. ತಿರುವಿನಲ್ಲಿ ಬಾಡಿ ಹೊರಗೆ ಓಲಿದರೂ ಟೈರು ನೆಲಕ್ಕೆ ಸಪಾಟಾಗಿ ಕೂರಲಿ ಅಂತ ಇದು. ಒಂದು ವಾರ ಅದನ್ನೇ ಆಡಿಸುತ್ತ ಕೂತೆವು. ಆಯಿಗೆ ನಾವು ಯಕ್ಷಗಾನದ ಗೊಂಬೆ ಮಾಡುತ್ತಿದ್ದೇವೆ ಅಂತ ಅನುಮಾನ.

ತಪ್ಪೂ ಆದವು. ಬೈಕಿನ ಹಿಂದಿನ ಶಾಕ್‌ಅಬ್ಸಾರ್ಬರನ್ನು ಕೆಳಗಿನ ತೋಳಿನ ನಡುಮಧ್ಯಕ್ಕೆ ಹಾಕಿದ್ದೆವು. ಗಾಡಿ ನೆಲಕ್ಕಿಳಿಸಿದ ಕೂಡಲೆ ಎಮ್ಮೆ ಕೆರೆಯಲ್ಲಿ ಕೂತ ಹಾಗೆ ಕೂತುಬಿಟ್ಟಿತು. ಶಾಕಿನ ಸ್ಪ್ರಿಂಗನ್ನು ತೋಳಿನ ಅರ್ಧದಲ್ಲಿ ಕೂರಿಸಿದರೆ ಚಕ್ರಕ್ಕೆ ಅರ್ಧ ಗಟ್ಟಿತನ ಸಿಗುತ್ತದೆ ಅಂತ ನನ್ನ ಲೆಕ್ಕ. ನಿಜಕ್ಕೂ ಸಿಗುವುದು ಕಾಲು ಭಾಗ. ಸ್ಪ್ರಿಂಗ್ ಅದುಮುವುದೂ ಅರ್ಧ, ಸನ್ನೆಕೋಲಿನ ಬಲವೂ ಅರ್ಧ, ಎರಡೂ ಗುಣಿಸಬೇಕು. ಶಾಕನ್ನು ಚಕ್ರದ ಕಡೆ ಸರಿಸಿದ ಮೇಲೆ ಎದ್ದು ನಿಂತಿತು.

ಎಂಜಿನ್ ಕೂರಿಸುವಾಗ ಜಗಳವೇ ಆಗಿತ್ತು. "ರೇಸ್ ಗಾಡಿಗೆ ರಬ್ಬರ್ ಎಂತಕ್ಕೆ?" ಅಂತ ನನ್ನ ವಾದ. ಮೂರೂ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಿಗಿದೆವು. 796 ಸಿಸಿಯ ಎಂಜಿನ್ನು ಸಣ್ಣದೇ, ಆದರೆ ಮೂರು ಸಿಲಿಂಡರು. ಮೂರೂ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವ ಬಲ ಹೆಚ್ಚುಕಡಿಮೆ ವಜಾ ಆಗುತ್ತದೆ. ಆದರೆ ಈ ತುದಿಯ ಪಿಸ್ಟನ್ ಮೇಲೇಳುವಾಗ ಆ ತುದಿಯದ್ದು ಕೆಳಗಿಳಿಯುವ ಹೊತ್ತು ಬರುತ್ತಲೇ ಇರುತ್ತದಲ್ವಾ, ಹಾಗಾಗಿ ಇಡೀ ಎಂಜಿನ್ ಏತದ ಹಾಗೆ ಎರಡೂ ತುದಿಗೆ ತೂಗುತ್ತದೆ. ಐಡಲ್‌ನಲ್ಲಿ ನನ್ನ ಹಲ್ಲು ಕಟಕಟ ಅಂದವು. ನಾಲ್ಕನೇ ದಿನ ಎಡಗಡೆ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಲೇತಿನ ಅಣ್ಣ ನೋಡಿ ನಕ್ಕು, ರಬ್ಬರ್ ಮೌಂಟಿಂಗಿಗೆ ಹೊಸ ಬ್ರ್ಯಾಕೆಟ್ ಮಾಡಿಕೊಟ್ಟರು. ಈಗ ಇನ್ನೊಂದು ರಗಳೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹಿಂದಕ್ಕೆ ಮಗುಚಿ, ಉದ್ದದ ಗೇರ್ ರಾಡನ್ನು ಎಳೆದು, ಎರಡನೇ ಗೇರು ತಾನೇ ಬಿಟ್ಟುಕೊಳ್ಳುತ್ತಿತ್ತು. ಮೇಲುಗಡೆಯಿಂದ ಚಾಸಿಗೆ ಒಂದು ಅಡ್ಡ ರಾಡು, ಎರಡೂ ತುದಿಗೆ ಬುಶ್ ಹಾಕಿ ಕೊಟ್ಟ ಮೇಲೆ ತಣ್ಣಗಾಯಿತು. ಅದುರುವುದಕ್ಕೆ ಜಾಗ ಇದೆ, ಮಗುಚುವುದಕ್ಕೆ ಇಲ್ಲ.

ಹಾಗಾಗಿ ಆ ದಿನ ಕವಳಿ ಮಟ್ಟಿಯಿಂದ ಗಾಡಿ ಎಳೆದು ತರುವಾಗಲೇ ಭಾವ ಎಂಜಿನ್ ಮೇಲೆ ದೂರು ಹಾಕಿಬಿಟ್ಟ. ರಬ್ಬರ್ ಜಗ್ಗಿ ಒಂದು ಕಡೆ ಎಳೆಯುತ್ತಿರಬೇಕು ಅಂತ. ಬ್ಯಾಟರಿ ಹಿಡಿದು ನೋಡಿದೆವು. ಬ್ರ್ಯಾಕೆಟ್ ಸರಿ, ಬುಶ್ ಸರಿ. ಅಡ್ಡ ರಾಡಿನ ಬೋಲ್ಟಿಗೆ ನಾನು ಬಳಿದಿದ್ದ ಬಿಳಿ ಪೇಂಟಿನ ಗೀಟೂ ಅಲ್ಲಾಡಿರಲಿಲ್ಲ.

ಆಮೇಲೆ ಮುಂದಿನ ಸ್ಪ್ರಿಂಗ್ ಬಿಚ್ಚಿದೆವು. ಚಾಸಿಯನ್ನು ಕಲ್ಲಿನ ಮೇಲೆ ಕೂರಿಸಿ, ಸ್ಟೇರಿಂಗನ್ನು ಹಗ್ಗದಿಂದ ಕಟ್ಟಿ, ಬಲಗಡೆ ಚಕ್ರ ಕೂರುವ ಹಬ್ಬಿಗೆ 2 ಅಡಿ ಉದ್ದದ ನೇರ ಹಲಗೆ ಬಿಗಿದೆವು. ಹಲಗೆಯ ಎರಡೂ ತುದಿಯಿಂದ ಚಾಸಿಗುಂಟ ಎಳೆದ ದಾರದವರೆಗೆ ಅಳೆಯುವುದು. ಹಬ್ಬನ್ನು ಜ್ಯಾಕಿನಿಂದ 50 ಮಿಲಿಮೀಟರ್ ಮೇಲೆತ್ತಿದೆವು. ಮುಂದಿನ ತುದಿ ಹಿಂದಿನದಕ್ಕಿಂತ 11 ಮಿಲಿಮೀಟರ್ ಹೊರಗೆ, ಅಂದರೆ ಹಬ್ಬು ತಾನೇ ಬಲಕ್ಕೆ ತಿರುಗಿದೆ. 50 ಕೆಳಗಿಳಿಸಿದೆವು. ಹೆಚ್ಚುಕಡಿಮೆ ಅಷ್ಟೇ ಒಳಗೆ.

ಭಾವ ಸುಮ್ಮನಾದ. ನನಗೂ ಹೊಟ್ಟೆಯಲ್ಲಿ ತಣ್ಣಗಾಯಿತು.

ಚಕ್ರ ಏರಿಳಿಯುವಾಗ ವಿಶ್‌ಬೋನ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತನ್ನದೇ ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಟೈ ರಾಡು ಚಕ್ರವನ್ನು ತಾನೇ ತಿರುಗಿಸುತ್ತದೆ. ಬಂಪ್ ಸ್ಟಿಯರ್ ಅನ್ನುವುದು ಇದಕ್ಕೇ. ಮೇಲೆ ಹೋದರೂ ಕೆಳಗೆ ಬಂದರೂ ಚಕ್ರ ಒಂದೇ ಕಡೆ ತಿರುಗಿದರೆ ರಾಡಿನ ಉದ್ದ ತಪ್ಪು. ಮೇಲೆ ಹೋದಾಗ ಒಂದು ಕಡೆ, ಕೆಳಗೆ ಬಂದಾಗ ಇನ್ನೊಂದು ಕಡೆ ಅಂದರೆ ಒಳಗಿನ ತುದಿಯ ಎತ್ತರ ತಪ್ಪು. ನಮ್ಮದು ಎರಡನೆಯದು. ಆ ತುದಿಯನ್ನು ಹಿಡಿದು ಅತ್ತಿತ್ತ ತಳ್ಳುವ ಸ್ಟೇರಿಂಗ್ ರ್ಯಾಕ್ ತಗ್ಗಿನಲ್ಲಿದೆ.

ಯಾಕೆ ತಗ್ಗಿನಲ್ಲಿದೆ ಅಂತ ಭಾವ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ದಬ್ಬೆಯ ಮಾದರಿಯಲ್ಲಿ ರ್ಯಾಕಿಗೆ ಹೊಡೆದ ಮೊಳೆ ಸರಿಯಾದ ಜಾಗದಲ್ಲೇ ಇತ್ತು. ಚಾಸಿಗೆ ವೆಲ್ಡ್ ಮಾಡುವ ದಿನ ಸೀಟಿನಲ್ಲಿ ಕೂತು ನೋಡಿದರೆ ಪೆಡಲ್ ಒತ್ತುವಾಗ ರ್ಯಾಕು ನನ್ನ ಮೊಣಕಾಲಿನ ಕೆಳಗಿನ ಎಲುಬಿಗೆ ತಾಗುತ್ತಿತ್ತು. "ಒಂದು ಚೂರು ಇಳಿಸುವಾ, ಎಂತ ಆಗ್ತು?" ಅಂದವನು ನಾನೇ. ಆ ಒಂದು ಚೂರು 12 ಮಿಲಿಮೀಟರ್.

ಮರುದಿನ ಬೆಳಿಗ್ಗೆ ರ್ಯಾಕಿನ ಬ್ರ್ಯಾಕೆಟ್ ಕತ್ತರಿಸಿ, 12 ಮಿಲಿಮೀಟರಿನ ಪಟ್ಟಿ ಕೊಟ್ಟು ಮೇಲೆ ಕೂರಿಸಿದೆವು. ಮತ್ತೆ ಹಲಗೆ, ಮತ್ತೆ ಜ್ಯಾಕು. ಈ ಸಲ ವ್ಯತ್ಯಾಸ 1 ಮಿಲಿಮೀಟರನ್ನೂ ಮುಟ್ಟಲಿಲ್ಲ. ಭಾವ ಮೂರು ಸಲ ಅಳೆದ, ಟೇಪನ್ನು ನನ್ನ ಕೈಗೂ ಕೊಟ್ಟ.

ಸಂಜೆ ಅದೇ ಉಬ್ಬಿನ ಮೇಲೆ ಬೇಕಂತಲೇ ಹತ್ತಿಸಿದೆ. ಗಾಡಿ ಕುಪ್ಪಳಿಸಿತು, ನೇರ ಹೋಯಿತು. ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಹತ್ತಿಸಿದೆ, ಸುಮ್ನೆ.

ರ್ಯಾಕಿಗೆ ಈಗ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಸುತ್ತಿದ್ದೇನೆ. ಆದರೂ ಬ್ರೇಕ್ ಒತ್ತಿದಾಗೆಲ್ಲ ತಾಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಆಯಿ ನೀಲಿಗಟ್ಟಿದ ಕಾಲು ನೋಡಿ, "ಎಂತ ಆತೋ ಮಾಣಿ?" ಅಂದಳು.

ಭಾವ ತಂಬುಳಿ ಬಡಿಸಿಕೊಳ್ಳುತ್ತ ಹೇಳಿದ, "ಎಂತದೂ ಆಯ್ದಿಲ್ಲೆ ಅತ್ತೆ. ಅಳತೆ ಸರಿ ಆತು."